ತಗಡಿನ ಕರುವಿಗೆ ಕಾಡಿಗೆ

ನನ್ನ ತಮ್ಮ ಸಂಗಪ್ಪ ಮಾಡಿದ ಯಂತ್ರವೊಂದು ಮಂದಿಯ ಮುಂದೆ ಓಡದೆ ನಿಂತಿತು. ಯಾಕೆ ನಿಂತಿತು ಎಂಬುದು ಆ ಕೋಣೆಯಲ್ಲಿದ್ದವರ ಪೈಕಿ ನನಗೊಬ್ಬಳಿಗೇ ಗೊತ್ತಿತ್ತು. ನಾನು ಹೇಳಲಿಲ್ಲ. ಅಂದೂ ಹೇಳಲಿಲ್ಲ, ಮರುದಿನವೂ ಹೇಳಲಿಲ್ಲ. ಆಮೇಲೆ ನನ್ನ ಮದುವೆಯಾಯಿತು, ಅವನ ಮದುವೆಯಾಯಿತು, ಇಬ್ಬರಿಗೂ ಮೊಮ್ಮಕ್ಕಳಾದರು. ಆಗಲೂ ಹೇಳಲಿಲ್ಲ. ನಾನೇನು ಬಾಯಿಲ್ಲದವಳಲ್ಲ. ಬದನೆಕಾಯಿ ಚೌಕಾಸಿಗೆ ನಿಂತೆನೆಂದರೆ ಪಕ್ಕದ ಬುಟ್ಟಿಯವರು ತಮ್ಮ ವ್ಯಾಪಾರ ಬಿಟ್ಟು ನನ್ನ ಮಾತು ಕೇಳುತ್ತಾರೆ. ಆದರೆ ಈ ಒಂದು ಮಾತು ಮಾತ್ರ ನಾಲಿಗೆಯ ತನಕ ಬಂದು ಮತ್ತೆ ಒಳಗೇ ಹೋಗಿ ಕೂಡುತ್ತಿತ್ತು.

ಇದನ್ನು ಈಗ ಬರೆಯಲು ಕೂತಿದ್ದಕ್ಕೆ ಕಾರಣ ಟೀವಿಯ ರಿಮೋಟು. ಮುದ್ದೇಬಿಹಾಳದ ನಮ್ಮ ಮನೆಯಲ್ಲಿ ಮೊನ್ನೆ ಅದು ಕೆಟ್ಟಿತು. ಮಗ ಅದನ್ನು ಅಂಗೈಗೆ ಬಡಿದ. ಸೊಸೆ ಸೆಲ್ಲುಗಳನ್ನು ತೆಗೆದು ಹಲ್ಲಿನಿಂದ ಕಚ್ಚಿ ಮತ್ತೆ ಹಾಕಿದಳು. ಟೀವಿ ಜಪ್ಪಯ್ಯ ಅನ್ನಲಿಲ್ಲ. ನನ್ನ ಕಣ್ಣಿಗೆ ಮಾತ್ರ ಒಂದು ಕಂಡಿತು: ರಿಮೋಟಿನ ಮುಂದಿನ ತುದಿಗೆ ಜೋಳದ ಹಿಟ್ಟು ಮೆತ್ತಿ ಒಣಗಿತ್ತು. ರೊಟ್ಟಿ ತಟ್ಟುವಾಗ ನಡುವೆ ಎದ್ದು ಬಂದು ದನಿ ಸಣ್ಣ ಮಾಡಿದವಳು ನಾನೇ. ಸೆರಗಿನಿಂದ ತಿಕ್ಕಿ ಒರೆಸಿ ಕೊಟ್ಟೆ. ಟೀವಿ ಮಾತಾಡಿತು.

"ಅತ್ತಿ, ನಿಮಗ ಹೆಂಗ ಗೊತ್ತಾತ್ರಿ?" ಎಂದಳು ಸೊಸೆ.

"ಅದರ ತುದ್ಯಾಗ ಒಂದು ಬೆಳಕ ಇರತೈತಿ. ಕಣ್ಣಿಗೆ ಕಾಣಂಗಿಲ್ಲ. ಹಿಟ್ಟು ಹತ್ತಿದ್ರ ಹೊರಗ ಬರಂಗಿಲ್ಲ" ಎಂದೆ.

ಮಗ ನನ್ನನ್ನು ಹೊಸದಾಗಿ ನೋಡಿದ. ನಾಲ್ಕನೆಯ ಇಯತ್ತೆಗೆ ಸಾಲಿ ಬಿಟ್ಟ ಅವ್ವ ಇದನ್ನು ಎಲ್ಲಿ ಕಲಿತಳು ಎಂದು ಅವನಿಗೆ ಅಚ್ಚರಿ. "ನಿಮ್ಮ ಮಾಮಾ ಕಲಿಸ್ಯಾನ" ಎಂದೆ. ಅಷ್ಟಕ್ಕೇ ನಿಲ್ಲಿಸಿ ಒಳಗೆ ಬಂದೆ. ಟೀವಿಯಲ್ಲಿ ಏನು ಬರುತ್ತಿತ್ತೋ ನನಗೆ ನೆನಪಿಲ್ಲ.

ನಮ್ಮ ಮೂಲ ಊರು ಕನ್ನೊಳ್ಳಿ. ಬೆಳೆದದ್ದು ಸಿಂದಗಿಯಲ್ಲಿ. ಅಪ್ಪ ಅಲ್ಲಿ ಹಿಟ್ಟಿನ ಗಿರಣಿಯಲ್ಲಿ ಕೆಲಸಕ್ಕಿದ್ದ. ಸಂಜೆ ಹುಬ್ಬು, ಮೀಸೆ, ಕಿವಿಯ ಕೂದಲು ಎಲ್ಲ ಬೆಳ್ಳಗಾಗಿ ಮನೆಗೆ ಬರುತ್ತಿದ್ದ. ಸಂಗಪ್ಪ ಸಣ್ಣವನಿದ್ದಾಗ ಆ ಬಿಳಿ ಅಪ್ಪನನ್ನು ಕಂಡು ಕೇಕೆ ಹಾಕುತ್ತಿದ್ದ. ಮೈತೊಳೆದುಕೊಂಡು ಬಂದ ಕಪ್ಪು ಅಪ್ಪನನ್ನು ಕಂಡರೆ ಯಾರೋ ಪರಕೀಯನೆಂದು ಅಳುತ್ತಿದ್ದ. ಅವನನ್ನು ಸುಮ್ಮನಾಗಿಸುವುದು ನನ್ನ ಪಾಳಿ. ಅವನು ಹುಟ್ಟಿದ ಮೇಲೆ ಅವ್ವ ಕೂಲಿಗೆ ಹೋಗಬೇಕಾಯಿತು, ನಾನು ಸಾಲಿ ಬಿಡಬೇಕಾಯಿತು. ಪಾಟಿ ಹಿಡಿಯುತ್ತಿದ್ದ ಕಂಕುಳಿಗೆ ತಮ್ಮ ಬಂದ. ನನಗೆ ಅದರ ಸಿಟ್ಟು ಬರಲಿಲ್ಲವೆಂದರೆ ನೀವು ನಂಬಬೇಕು. ಪಾಟಿ ಮಾತಾಡುತ್ತಿರಲಿಲ್ಲ, ಇವನು ಮಾತಾಡುತ್ತಿದ್ದ. ಓದುವ ಚಟ ನನ್ನನ್ನು ಬಿಡಲಿಲ್ಲ, ಆ ಮಾತು ಬೇರೆ. ಬೆಲ್ಲ ಕಟ್ಟಿಕೊಟ್ಟ ಕಾಗದವನ್ನೂ ಬಿಡಿಸಿ, ಅಂಟು ನೆಕ್ಕಿ, ಓದಿಯೇ ಒಲೆಗೆ ಹಾಕುತ್ತಿದ್ದೆ.

ಅವನಿಗೆ ಕಾಡಿಗೆ ಹಚ್ಚುವ ಕೆಲಸವೂ ನನ್ನದೇ. ನಮ್ಮ ಮನೆಯ ಕಾಡಿಗೆ ಅಂಗಡಿಯದಲ್ಲ. ಹರಳೆಣ್ಣೆಯ ದೀಪದ ಮೇಲೆ ಕಂಚಿನ ತಾಟು ಬೋರಲು ಹಾಕಿ, ಕೂತ ಮಸಿಯನ್ನು ಕೆರೆದು, ತುಪ್ಪದಲ್ಲಿ ಕಲಸಿ ಹಿತ್ತಾಳೆಯ ಡಬ್ಬಿಯಲ್ಲಿ ತುಂಬುತ್ತಿದ್ದೆವು. ಒಮ್ಮೆ ಹಚ್ಚಿದರೆ ಎರಡು ದಿನ ಹೋಗುತ್ತಿರಲಿಲ್ಲ. ಕೂಸಿರಲಿ, ಕರುವಿರಲಿ, ಮಂದಿಯಲ್ಲಿ ಒಯ್ಯುವಾಗ ಕಾಡಿಗೆಯಿಲ್ಲದೆ ಒಯ್ಯುವುದು ನಮ್ಮಲ್ಲಿ ಇರಲೇ ಇಲ್ಲ. ಕೂಸಿಗೆ ಕಣ್ಣು ತೀಡಿ ಗಲ್ಲಕ್ಕೊಂದು ಬೊಟ್ಟು, ಕರುವಿಗೆ ಹಣೆಗೊಂದು ಬೊಟ್ಟು. ಸಂಗಪ್ಪ ಸಾಲಿಗೆ ಹೋಗುವಷ್ಟು ದೊಡ್ಡವನಾದ ಮೇಲೂ ನಾನು ಹಿಡಿದು ತೀಡುತ್ತಿದ್ದೆ. ಅವನು ಓಣಿ ದಾಟುತ್ತಲೇ ಅಂಗಿಯ ತೋಳಿನಿಂದ ತಿಕ್ಕಿಕೊಂಡು, ಕಣ್ಣ ಸುತ್ತೆಲ್ಲ ಕರ್ರಗೆ ಮಾಡಿಕೊಂಡು, ಬಡಿಸಿಕೊಂಡು ಬಂದ ಪೈಲ್ವಾನನ ಹಾಗೆ ಸಾಲಿ ಸೇರುತ್ತಿದ್ದ.

ಹೈಸ್ಕೂಲು ಸೇರಿದ ಮೇಲೆ ಅವನ ಲಕ್ಷ್ಯವೆಲ್ಲ ರೇಡಿಯೋ ರಿಪೇರಿಯ ಅಂಗಡಿಯ ಕಡೆ ಹೋಯಿತು. ಆ ಅಂಗಡಿಯ ಚಾಚಾನ ಹತ್ತಿರ ಹಳೆಯ ಇಂಗ್ಲಿಷ್ ಮಾಸಿಕಗಳ ಗಂಟೊಂದಿತ್ತು. ಅದರಲ್ಲಿನ ಮಾತು ಸಂಗಪ್ಪನಿಗೆ ಅರ್ಧ ತಿಳಿಯುತ್ತಿತ್ತು, ಚಿತ್ರ ಪೂರ್ತಿ ತಿಳಿಯುತ್ತಿತ್ತು. ತಂತಿಗಳು ಹೇಗೆ ಸುತ್ತಿ ಎಲ್ಲಿ ಕೂಡುತ್ತವೆಂಬ ಆ ನಕಾಶೆಗಳನ್ನು ಅವನು ಮನೆಯ ಗೋಡೆಗೆ ಇದ್ದಿಲಿನಿಂದ ಬರೆಯುತ್ತಿದ್ದ. ಅವ್ವ ಸಾರಿಸುತ್ತಿದ್ದಳು. ಅವನು ಮತ್ತೆ ಬರೆಯುತ್ತಿದ್ದ.

ಒಂದು ದಿನ ಊಟಕ್ಕೆ ಕೂತವನು, "ಯವ್ವಾ, ನಾ ರೋಬಟ್ ಮಾಡಾಂವ. ಯಂತ್ರದ ಮನಷಾ" ಎಂದ.

"ಇದ್ದ ಮನಷಾರಿಗೇ ಕೂಳು ಹಾಕಿ ಸಾಕಾಗೇತಿ, ಮತ್ತೊಬ್ಬನ್ನ ಮಾಡ್ತೀಯೇನೋ?" ಎಂದಳು ಅವ್ವ.

"ಅಂವ ಕೂಳು ತಿನ್ನಂಗಿಲ್ಲ. ಸೆಲ್ಲು ತಿಂತಾನ."

"ಸೆಲ್ಲು ತುಟ್ಟಿ ಅದಾವೋ ಖೋಡಿ. ಕೂಳಿನಾಂವನ್ನ ಮಾಡು."

ಕೊನೆಗೆ ಮಾಡಿದ್ದು ಮನುಷ್ಯನನ್ನಲ್ಲ. ಎಣ್ಣೆಡಬ್ಬಿಯ ತಗಡನ್ನು ಬಾಗಿಸಿ ಮೈ, ಬೂಟ್ ಪಾಲೀಶಿನ ಡಬ್ಬಿಗಳ ಎರಡು ಗಾಲಿ, ಆಟಿಕೆಯಿಂದ ಕಿತ್ತ ಎರಡು ಮೋಟರು, ಹಿಂದೆ ಉರುಳಲು ಒಂದು ಗೋಲಿ. ಮುಂದೆ ಎರಡು ಕಣ್ಣು. ಎಡಗಣ್ಣಿಗೆ ಬೆಳಕು ಬಿದ್ದರೆ ಬಲಗಾಲಿ ತಿರುಗಬೇಕು, ಬಲಗಣ್ಣಿಗೆ ಬಿದ್ದರೆ ಎಡಗಾಲಿ. ಹಾಗಾದಾಗ ಅದು ತಾನಾಗಿ ಬೆಳಕಿನ ಕಡೆ ಹೊರಳುತ್ತದೆ. ಬ್ಯಾಟರಿ, ಅಂದರೆ ನೀವು ಟಾರ್ಚು ಅನ್ನುತ್ತೀರಲ್ಲ ಅದನ್ನು ಹಿಡಿದು ನಡೆದರೆ, ಆಕಳ ಹಿಂದೆ ಕರು ಬಂದಂತೆ ಬರುತ್ತಿತ್ತು. ಅದಕ್ಕೇ ನಾವು ಅದನ್ನು ಕರು ಎಂದೇ ಕರೆದೆವು.

ಆ ಕಣ್ಣುಗಳ ವಿಷಯ ನಾನು ಬಿಡಿಸಿ ಹೇಳಲೇಬೇಕು. ಅವು ಕೆಟ್ಟ ರೇಡಿಯೋದಿಂದ ಕಿತ್ತ ಗಾಜಿನ ಟ್ರಾನ್ಸಿಸ್ಟರುಗಳು. ಶೇಂಗಾ ಕಾಳಿಗಿಂತ ತುಸು ಉದ್ದ, ಕೆಳಗೆ ಮೂರು ತಂತಿಯ ಕಾಲು, ಮೈತುಂಬ ಕಪ್ಪು ಬಣ್ಣ.

"ಬೆಳಕ ಬಿದ್ರ ಇದರ ಚಿತ್ತ ಕೆಡತೈತಿ ಅಕ್ಕಾ. ಅದಕ್ಕ ಫ್ಯಾಕ್ಟರ್‍ಯಾಗ ಕರಿ ಬಣ್ಣ ಬಳದು ಕಳಿಸಿರ್ತಾರ. ರೇಡಿಯೋಕ್ಕ ಚಿತ್ತ ಕೆಡೋದು ಬ್ಯಾಡ. ನನಗ ಅದ ಬೇಕು" ಎಂದ ಸಂಗಪ್ಪ.

ಅವನು ಹಳೆಯ ಬ್ಲೇಡಿನಿಂದ ಆ ಕಪ್ಪನ್ನು ಕೆರೆದ. ಕಾಳು ಜಾರದಂತೆ ಬೆರಳಲ್ಲಿ ಹಿಡಿದವಳು ನಾನು. ಸಾಸಿವೆಯಷ್ಟು ಜಾಗದಲ್ಲಿ ಬಣ್ಣ ಹೋಗಿ ಒಳಗಿನ ಗಾಜು ಕಂಡಿತು. "ಕಣ್ಣು ತೆರೀತು ನೋಡು" ಎಂದ. ಕಪ್ಪು ತೆಗೆದರೆ ಅದಕ್ಕೆ ಕಾಣುತ್ತದೆ ಎಂಬುದನ್ನು ನಾನು ಯಾರ ಬಾಯಿಂದಲೋ ಕೇಳಿದ್ದಲ್ಲ, ನನ್ನ ಎರಡು ಬೆರಳ ನಡುವೆಯೇ ಕಂಡಿದ್ದೆ. ಈ ಮಾತನ್ನು ನೀವು ನನ್ನ ವಿರುದ್ಧ ಬೇಕಾದರೆ ಹಿಡಿಯಬಹುದು. ನಾನು ಹಿಡಿದಿದ್ದೇನೆ.

ಅವರ ವಿಜ್ಞಾನದ ಮಾಸ್ತರರು ಮನೆಗೆ ಬಂದು ಕರುವಿನ ನಡೆ ನೋಡಿದರು. ಅವರಿಗೆ ಚಹಾ ಕೊಟ್ಟೆ. ಅದು ಆರುವ ತನಕ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು ನೋಡಿದರು. "ಬೆಳಕಿನ ಹಿಂದ ಓಡೋದು ಛಲೋನ ಐತಿ. ಆದ್ರ ಕಣ್ಣಿಗೆ ಕಾಣದ ಬೆಳಕಿನ ಹಿಂದ ಓಡಿಸಿದಿ ಅಂದ್ರ ಬಿಜಾಪುರತನಕ ನಾ ಒಯ್ತೀನಿ ನಿನ್ನ" ಎಂದರು. ಹೋಗುವಾಗ ನನ್ನ ಕಡೆ ತಿರುಗಿ, "ಗಂಗವ್ವಾ, ನೀನೂ ಕಲೀಬೇಕಾಗಿತ್ತವ್ವ" ಎಂದರು. ಒಳ್ಳೆಯ ಮನಸ್ಸಿನಿಂದಲೇ ಅಂದದ್ದು. ನನಗೆ ಮಾತ್ರ ಆ ಮಾತು ಬಹಳ ದಿನ ಚುಚ್ಚಿತು. ಅವರ ಮುಂದೆ ದಡ್ಡಿಯಾಗಿ ಕಾಣಬಾರದೆಂಬ ಒಂದು ಹಟ ಅಂದೇ ಹುಟ್ಟಿತೆಂದು ತೋರುತ್ತದೆ.

ಕಾಣದ ಬೆಳಕು ಎಂದರೇನು? ನಾನು ಕೇಳಿದಾಗ ಸಂಗಪ್ಪ ಒಲೆಯ ಮುಂದೆ ಬಂದು ಕೂತ. ನಾನು ರೊಟ್ಟಿ ಬಡಿಯುತ್ತಿದ್ದೆ.

"ಹಂಚು ಕಾದೈತೇನು ಅಕ್ಕಾ?"

"ಕಾದೈತಿ."

"ಹೆಂಗ ಗೊತ್ತಾತು? ಕೆಂಪಗಂತೂ ಆಗಿಲ್ಲ."

"ಮಾರಿಗೆ ಝಳ ಬಡಿಯಾಕತ್ತೈತಲ್ಲ."

"ಆ ಝಳನೂ ಒಂದು ಬೆಳಕ. ಕೆಂಪು ಬಣ್ಣದ ಆಚಿ ಓಣ್ಯಾಗ ಇರತೈತಿ. ಅದಕ್ಕ ಪುಸ್ತಕದಾಗ ಅವಕೆಂಪು ಅಂತಾರ. ನಿನ್ನ ಕಣ್ಣಿಗೆ ಕಾಣಂಗಿಲ್ಲ, ಕೆನ್ನಿಗೆ ಕಾಣತೈತಿ."

"ಹಂಗಾದ್ರ ನಿನ್ನ ಕರಕ್ಕ ಕಣ್ಣು ಯಾಕೋ? ಎರಡು ಕೆನ್ನಿ ಹಚ್ಚು."

ಅವನು ನಕ್ಕು ನಕ್ಕು ಹಿಟ್ಟಿನ ಪರಾತಿಗೆ ಕಾಲು ತಾಗಿಸಿದ. ರೊಟ್ಟಿ ಹೊತ್ತಿತು. ಹೊತ್ತಿದ ರೊಟ್ಟಿಯನ್ನು ಅವನೇ ಶೇಂಗಾ ಹಿಂಡಿಯ ಜೊತೆ ತಿಂದ.

ಆ ಗಾಜಿನ ಕಣ್ಣಿಗೆ ಆಚೆ ಓಣಿಯ ಬೆಳಕೂ ಕಾಣುತ್ತದೆಂದು ಅವನಿಗೆ ಮಾಸಿಕದಿಂದ ತಿಳಿದಿತ್ತು. ಬ್ಯಾಟರಿಯಲ್ಲಿ ಎರಡೂ ಬೆಳಕು ಇರುತ್ತವಂತೆ, ಅದರಲ್ಲಿ ಕಾಣುವುದನ್ನಷ್ಟೇ ತಡೆಯುವುದು ಹೇಗೆ? ಅದಕ್ಕೆ ದಾರಿ ತೋರಿಸಿದ್ದು ನಾಟಕ ಕಂಪನಿ. ಸಿಂದಗಿಯಲ್ಲಿ ಆಗ ಕಂಪನಿಯೊಂದು ಬಿಡಾರ ಹೂಡಿತ್ತು. ದೀಪಗಳಿಗೆ ಕಟ್ಟುವ ಬಣ್ಣದ ಜಿಲೇಟಿನ್ ಹಾಳೆ ಹರಿದರೆ ಟೆಂಟಿನ ಹಿಂದೆ ಬಿಸಾಡುತ್ತಿದ್ದರು. ಅವನು ಕೆಂಪು, ನೀಲಿ, ಹಸಿರು ತುಂಡುಗಳನ್ನು ಆಯ್ದು ತಂದ. ಒಂದೊಂದನ್ನೇ ಬ್ಯಾಟರಿಯ ಮುಖಕ್ಕೆ ಇಟ್ಟರೆ ಆಯಾ ಬಣ್ಣ. ಒಂದರ ಮೇಲೊಂದು ಇಟ್ಟರೆ ಬೆಳಕೇ ಇಲ್ಲ. ಜೋಳದ ಚೀಲ ಒಟ್ಟಿದ್ದ ಒಳಗಿನ ಕತ್ತಲೆ ಕೋಣೆಗೆ ನನ್ನನ್ನು ಕರೆದೊಯ್ದು, ಬ್ಯಾಟರಿ ಒತ್ತಿ ಕೈಗೆ ಕೊಟ್ಟ.

"ಏನರ ಕಾಣತೈತೇನು?"

"ಕತ್ತಲಿ ಕಾಣತೈತಿ."

"ಹಂಗ ಹಿಡಕೊಂಡು ಹಿಂದ ಸರಿ."

ಸರಿದೆ. ನೆಲದ ಮೇಲೆ ಗುರ್ರೆಂದು ದನಿಯಾಯಿತು. ಅದು ಹತ್ತಿರ ಬಂತು. ನಾನು ಎಡಕ್ಕೆ ಹೋದರೆ ಎಡಕ್ಕೆ, ಬಲಕ್ಕೆ ಹೋದರೆ ಬಲಕ್ಕೆ. ನನ್ನ ಕೈಯಲ್ಲಿದ್ದದ್ದು ಕತ್ತಲೆ, ಆ ಕತ್ತಲೆಯ ಬೆನ್ನು ಹತ್ತಿ ತಗಡಿನ ಕರು ಬರುತ್ತಿತ್ತು. ಕಡೆಗೆ ನನ್ನ ಹೆಬ್ಬೆರಳಿಗೆ ಬಂದು ಮೆತ್ತಗೆ ಹಾಯ್ದಿತು. ನಾನು ಬ್ಯಾಟರಿಯನ್ನು ಎದೆಗೆ ಅವಚಿಕೊಂಡು ಚೀಲದ ಮೇಲೆ ಕೂತುಬಿಟ್ಟೆ. ಸಂಗಪ್ಪನ ಮುಖ ಕಾಣುತ್ತಿರಲಿಲ್ಲ. ಅವನು ಮೂಗಿನಿಂದ ಜೋರಾಗಿ ಉಸಿರು ಬಿಡುತ್ತಿದ್ದ. ಸಣ್ಣವನಿದ್ದಾಗಲೂ ಬಹಳ ಖುಷಿಯಾದರೆ ಹಾಗೆಯೇ ಮಾಡುತ್ತಿದ್ದ.

ಬೇಸಿಗೆ ಬಂದಾಗ ಬೇರೊಂದು ಪೀಡೆ. ಸಿಂದಗಿಯ ಬಿಸಿಲು ನಿಮಗೆ ಗೊತ್ತಿರಬಹುದು. ಮಧ್ಯಾಹ್ನದ ಸೆಕೆಗೆ ಆ ಹಳೆಯ ಟ್ರಾನ್ಸಿಸ್ಟರುಗಳು ಬೆಳಕಿಲ್ಲದೆಯೇ ಕೆರಳುತ್ತಿದ್ದವು. ನಾವು ಮಲಗಿದ್ದಾಗ ಕರು ತಾನಾಗಿ ಎದ್ದು ತೆವಳಿ ಹೋಗಿ ಗೋಡೆಗೆ ಹಣೆ ಹಚ್ಚಿ ನಿಲ್ಲುತ್ತಿತ್ತು. "ಬಿಸಲಿಗೆ ಮನಷಾರ ತಲಿ ತಿರಗತಾವು. ಇದರದೂ ತಿರಗೇತಿ" ಎಂದು ಅವ್ವ ಅದರ ಮೇಲೆ ಹಸಿ ಅರಿವೆ ಹಾಕಿದಳು. ಸಂಗಪ್ಪ ಅದಕ್ಕೆ ರೇಡಿಯೋದ ದನಿ ಏರಿಸಿ ಇಳಿಸುವಂಥ ಒಂದು ತಿರುಗಣಿ ಕೂಡಿಸಿದ. ಸೆಕೆ ಹೆಚ್ಚಾದರೆ ಇಷ್ಟು ತಿರುವಬೇಕು, ತಂಪಾದರೆ ಅಷ್ಟು. ಬೇಸಿಗೆಯೆಲ್ಲ ಅದರ ಹಟ ಇಳಿಸುವುದರಲ್ಲೇ ಹೋಯಿತು. ಮಳೆಗಾಲ ಮುಗಿದು ಚಳಿ ಬೀಳುವ ಹೊತ್ತಿಗೆ ಕರು ಹೇಳಿದ ಮಾತು ಕೇಳುತ್ತಿತ್ತು.

ಆ ಚಳಿಗಾಲದಲ್ಲಿ ಬಸವನ ಬಾಗೇವಾಡಿಯಲ್ಲಿ ಸುತ್ತಿನ ಹೈಸ್ಕೂಲುಗಳ ವಿಜ್ಞಾನ ಪ್ರದರ್ಶನವಿತ್ತು. ಅಲ್ಲಿ ಆರಿಸಿದರೆ ಬಿಜಾಪುರ. ಮಾಸ್ತರರು ಮುಂಚೆಯೇ ಹೋಗಿದ್ದರು. ಬಾಗೇವಾಡಿಯಲ್ಲಿ ನಮ್ಮ ಸೋದರತ್ತಿಯ ಮನೆ ಇದ್ದುದರಿಂದ ಸಂಗಪ್ಪನ ಜೊತೆ ನನ್ನನ್ನು ಕಳಿಸಿದರು. ಬಸ್ಸಿನಲ್ಲಿ ಕರುವನ್ನು ಕೌದಿಯಲ್ಲಿ ಸುತ್ತಿ ಅವನು ತೊಡೆಯ ಮೇಲೆ ಇಟ್ಟುಕೊಂಡಿದ್ದ.

"ಕೂಸಿಗೆ ಎಷ್ಟು ವರ್ಷರೀ?" ಎಂದ ಕಂಡಕ್ಟರ್.

"ಕೂಸಲ್ರಿ, ಕರಾ" ಎಂದೆ.

"ದನಕರಕ್ಕ ಟಾಪಿನ ಮ್ಯಾಲ ಜಾಗಾ" ಎಂದು ಅವನು ಕೌದಿ ಸರಿಸಿ ನೋಡಿ, ಗಾಲಿ ಕಂಡು, ಕೌದಿ ಮತ್ತೆ ಮುಚ್ಚಿ ಮುಂದೆ ಹೋದ.

ಮರುದಿನ ಬೆಳಿಗ್ಗೆ ಅತ್ತಿಯ ಮನೆಯ ಕತ್ತಲೆ ಮೂಲೆಯಲ್ಲಿ ಸಂಗಪ್ಪ ಕರುವನ್ನು ಓಡಿಸಿ ನೋಡಿದ. ಚೆನ್ನಾಗಿಯೇ ಓಡಿತು. ಅವನು ಜಳಕಕ್ಕೆ ಹೋದ. ಅತ್ತಿ ಬಂದು ಸೊಂಟದ ಮೇಲೆ ಕೈಯಿಟ್ಟು ನೋಡಿದಳು.

"ಇದನ್ನ ಇಷ್ಟು ಮಂದ್ಯಾಗ ಒಯ್ಯೋರು, ಬರೇ ಮಾರೀಲೆ ಒಯ್ತೀರೇನ? ದೃಷ್ಟಿ ಆಗಂಗಿಲ್ಲೇನ?" ಎಂದು ತನ್ನ ಕಾಡಿಗೆ ಡಬ್ಬಿ ತಂದು ನನ್ನ ಮುಂದೆ ಕುಕ್ಕಿದಳು.

ಅತ್ತಿ ಡಬ್ಬಿ ತಂದಳು ಅಷ್ಟೇ, ಹಚ್ಚಿದವಳು ನಾನು. ಉಂಗುರಬೆರಳಿನಿಂದ ಒಂದಿಷ್ಟು ತೆಗೆದು, ಕೂಸಿಗೆ ತೀಡುವ ಹಾಗೆ, ಮೊದಲು ಎಡಗಣ್ಣಿಗೆ, ಆಮೇಲೆ ಬಲಗಣ್ಣಿಗೆ. ಕಾಡಿಗೆ ಇರುವುದು ಕಣ್ಣಿಗೆ ಹಚ್ಚಲಿಕ್ಕೆ, ಹಚ್ಚಿದೆ. ಕಣ್ಣು ಮುಟ್ಟಬೇಡ ಎಂದು ಸಂಗಪ್ಪ ಎಷ್ಟು ಸಲ ಹೇಳಿದ್ದನೋ. ಆದರೆ ಕಾಡಿಗೆ ಹಚ್ಚುವುದು ಮುಟ್ಟುವುದು ಎಂದು ನನಗೆ ಅನಿಸಿರಲೇ ಇಲ್ಲ. ನನ್ನ ಮನಸ್ಸಿನಲ್ಲಿ ಆಗ ಬ್ಲೇಡೂ ಇರಲಿಲ್ಲ, ಗಾಜೂ ಇರಲಿಲ್ಲ. ಸಾಲಿಗೆ ಹೊರಟ ಕೂಸೊಂದಿತ್ತು. ಎರಡೂ ಗಲ್ಲಕ್ಕೆ ನೆಟಿಗೆ ಮುರಿದು, ಕೌದಿ ಸುತ್ತಿ ಕಟ್ಟಿದೆ.

ಪ್ರದರ್ಶನದ ಕೋಣೆಯ ಕಿಟಕಿಗಳಿಗೆ ಜಮಖಾನೆ ಕಟ್ಟಿ ಕತ್ತಲೆ ಮಾಡಿದ್ದರು. ಪರೀಕ್ಷಿಸಲು ಬಂದ ದೊಡ್ಡವರು ಕುರ್ಚಿಯಲ್ಲಿ, ಹುಡುಗರು ಗೋಡೆಗುಂಟ, ನಾನು ಬಾಗಿಲ ಹತ್ತಿರ. ಬಾಗಿಲ ಸಂದಿನಿಂದ ಒಂದು ಗೆರೆ ಬೆಳಕು ಬರುತ್ತಿತ್ತು. ಸಂಗಪ್ಪ ಚೆನ್ನಾಗಿ ಮಾತಾಡಿದ. ಹಂಚಿನ ಝಳದ ಮಾತನ್ನೂ ಹೇಳಿದ. ಕೆನ್ನೆಗೆ ಕಾಣುವ ಬೆಳಕು ಎಂದಾಗ ಕುರ್ಚಿಯವರೊಬ್ಬರು "ಭೇಷ್" ಎಂದರು. ನನ್ನ ಎದೆ ಉಬ್ಬಿತು. ಆಮೇಲೆ ಅವನು ಕರುವನ್ನು ನೆಲಕ್ಕಿಟ್ಟು, ಬ್ಯಾಟರಿ ಒತ್ತಿ, ಹಿಂದೆ ಸರಿದ.

ಕರು ಅಲುಗಲಿಲ್ಲ.

ಅವನು ಬ್ಯಾಟರಿಯನ್ನು ಹತ್ತಿರ ತಂದ. ತಿರುಗಣಿ ತಿರುವಿದ. ಸೆಲ್ಲು ತೆಗೆದು ನಾಲಿಗೆಗೆ ಹಚ್ಚಿ ನೋಡಿದ. ಬಗ್ಗಿ ಕಣ್ಣುಗಳ ಹತ್ತಿರ ಮುಖ ಒಯ್ದೂ ನೋಡಿದ. ಆ ಕತ್ತಲೆಯಲ್ಲಿ ಕಪ್ಪಿನ ಮೇಲಿನ ಕಪ್ಪು ಯಾರಿಗೆ ಕಂಡೀತು?

"ತಮ್ಮಾ, ಬೆಳಕ ಕಾಣಂಗಿಲ್ಲ ಅಂದಿ, ಒಪ್ಪಿದ್ವಿ. ಓಟಾನೂ ಕಾಣವಲ್ದಲ್ಲೋ" ಎಂದರು ಕುರ್ಚಿಯವರು.

ಗೋಡೆಗುಂಟ ನಿಂತ ಯಾವನೋ, "ಓಡಾಕತ್ತೈತ್ರಿ ಸರ, ನಮಗ ಕಣ್ಣಿಲ್ಲ" ಎಂದ. ಕೋಣೆಯೆಲ್ಲ ನಕ್ಕಿತು. ನಮ್ಮ ಮಾಸ್ತರರು ನಗಲಿಲ್ಲ. ಅವರು ಕನ್ನಡಕ ತೆಗೆದು ಒರೆಸತೊಡಗಿದರು.

ನಾನು ಬಾಗಿಲಿನ ಕಟ್ಟು ಹಿಡಿದಿದ್ದೆ. ಸಂದಿನ ಬೆಳಕು ನನ್ನ ಕೈಯ ಮೇಲೆ ಬಿದ್ದಿತ್ತು. ಉಂಗುರಬೆರಳಿನ ತುದಿ ಇನ್ನೂ ಕರ್ರಗೆ ಇತ್ತು. ಆಗ ಎಲ್ಲ ತಿಳಿಯಿತು.

ಕಣ್ಣು ಒರೆಸು ತಮ್ಮಾ ಎಂದರೆ ಸಾಕಿತ್ತು. ಅವನು ಒರೆಸುತ್ತಿದ್ದ, ಕರು ಓಡುತ್ತಿತ್ತು. ಆದರೆ ಯಾಕೆ ಎಂದು ಅವರು ಕೇಳುತ್ತಿದ್ದರು. ನಾನು ಹೇಳಬೇಕಾಗುತ್ತಿತ್ತು: ದೃಷ್ಟಿಯಾಗಬಾರದೆಂದು ಯಂತ್ರಕ್ಕೆ ಕಾಡಿಗೆ ಹಚ್ಚಿದೆನ್ರಿ ಎಂದು. ಅಷ್ಟು ಕಲಿತವರ ಮುಂದೆ, ನನ್ನನ್ನು ಕಲಿಯಬೇಕಾಗಿತ್ತು ಎಂದ ಮಾಸ್ತರರ ಮುಂದೆ. ಆ ನಗೆ ಸಂಗಪ್ಪನನ್ನು ಬಿಟ್ಟು ನನ್ನ ಮೇಲೆ ಬೀಳುತ್ತಿತ್ತು. ನಾನು ಬೆರಳನ್ನು ಸೆರಗಿನ ಒಳಮಗ್ಗುಲಿಗೆ ತಿಕ್ಕಿಕೊಂಡೆ. ಮುಂದಿನ ಹುಡುಗನನ್ನು ಕರೆದರು.

ತಿರುಗಿ ಬರುವಾಗ ಬಸ್ಸಿನಲ್ಲಿ ಹೇಳಬೇಕೆಂದುಕೊಂಡೆ. ದೇವರ ಹಿಪ್ಪರಗಿ ಬರಲಿ, ಹೇಳುತ್ತೇನೆ. ಹಿಪ್ಪರಗಿ ಬಂತು. ಅಲ್ಲಿ ಅವನಿಗೆ ಹುರಿದ ಶೇಂಗಾ ಕೊಡಿಸಿದೆ. ಅವನು ಪುಡಿಕೆ ಬಿಚ್ಚಲಿಲ್ಲ.

"ಮಾಸ್ತರ ಭಾಳ ಭರವಸಾ ಇಟ್ಟಿದ್ರು ಅಕ್ಕಾ" ಎಂದ.

"ಮುಂದಿನ ವರ್ಷ ಐತಲ್ಲೋ" ಎಂದೆ ನಾನು. ಇಷ್ಟೇ ಬಾಯಿಂದ ಬಂದದ್ದು.

ಸ್ವಲ್ಪ ಹೊತ್ತಿಗೆ ಅವನು ನನ್ನ ಭುಜಕ್ಕೆ ತಲೆಯಿಟ್ಟು ನಿದ್ದೆ ಹೋದ. ನಾನು ಕೌದಿಯೊಳಗೆ ಕೈಹಾಕಿ, ಸೆರಗಿಗೆ ಎಂಜಲು ಹಚ್ಚಿ, ಕರುವಿನ ಎರಡೂ ಕಣ್ಣು ಒರೆಸಿದೆ. ಕಾಡಿಗೆಯ ಜಿಡ್ಡು ಹೋಗುವ ತನಕ ತಿಕ್ಕಿದೆ. ಮನೆಗೆ ಹೋದ ಮೇಲೆ ಅದು ಓಡಿದರೆ ಅವನ ಮನಸ್ಸು ಹಗುರಾಗುತ್ತದೆ, ಎಲ್ಲ ಮೊದಲಿನಂತೆ ಆಗುತ್ತದೆ ಎಂದುಕೊಂಡೆ. ನೆಲಕ್ಕೆ ಚೆಲ್ಲಿದ್ದನ್ನು ಒರೆಸಿದರೆ ಆಯಿತಲ್ಲ ಎಂಬ ಅಡಿಗೆಮನೆಯ ಬುದ್ಧಿ.

ಮನೆಗೆ ಬಂದವನೇ ಕತ್ತಲೆ ಕೋಣೆಗೆ ಹೋಗಿ ಓಡಿಸಿದ. ಕರು ಗುರ್ರೆಂದು ಓಡಿತು. ನಾನು ಬಾಗಿಲಲ್ಲಿ ನಿಂತು, "ನೋಡು, ಓಡ್ತಲ್ಲ" ಎಂದೆ. ಅವನು ನಗಲಿಲ್ಲ. ಬ್ಯಾಟರಿ ಆರಿಸಿ, ಕರುವನ್ನು ತೊಡೆಯ ಮೇಲಿಟ್ಟುಕೊಂಡು ಕೂತ.

"ಇದು ಓಡಬಾರದಿತ್ತು ಅಕ್ಕಾ" ಎಂದ. "ತಂತಿ ಕಡದಿದ್ರ, ಕಣ್ಣು ಸುಟ್ಟಿದ್ರ, ಒಂದು ಕಾರಣ ಇರ್ತಿತ್ತು. ಅತ್ತಿ ಮನ್ಯಾಗ ಓಡ್ತು. ಇಲ್ಲಿ ಓಡ್ತು. ಮಂದಿ ಮುಂದ ಓಡಲಿಲ್ಲ. ಅಂದ್ರ ತಪ್ಪು ಇದರಾಗ ಇಲ್ಲ. ಮಂದ್ಯಾಗ ನಿಂತ್ರ ನನ್ನ ಕೈ ಏನೋ ತಪ್ಪತೈತಿ. ನನಗ ಮಂದಿ ಆಗಿಬರಂಗಿಲ್ಲ."

ನಾನು ಒರೆಸಿದ್ದು ಕಾಡಿಗೆಯನ್ನಲ್ಲ, ಅವನಿಗೆ ಸಿಗಬೇಕಾಗಿದ್ದ ಕಾರಣವನ್ನು. ಒರೆಸದೆ ಬಿಟ್ಟಿದ್ದರೆ ಹಗಲಿನಲ್ಲಿ ಅವನೇ ಹುಡುಕಿ ತೆಗೆಯುತ್ತಿದ್ದ, ನನಗೆ ನಾಲ್ಕು ಬೈಯುತ್ತಿದ್ದ, ಮುಗಿಯುತ್ತಿತ್ತು. ಆಗಲೂ ಹೇಳಬಹುದಿತ್ತು. ಆದರೆ ಈಗ ಹೇಳಬೇಕಾದದ್ದು ಎರಡಾಗಿತ್ತು. ಹಚ್ಚಿದ್ದೊಂದು, ಒರೆಸಿದ್ದೊಂದು. ಮೊದಲನೆಯದು ದಡ್ಡತನ, ಎರಡನೆಯದಕ್ಕೆ ಏನೆನ್ನಬೇಕೋ ನನಗೆ ತಿಳಿಯಲಿಲ್ಲ.

ಮರುವರ್ಷ ಮಾಸ್ತರರು ಕರೆದರೂ ಅವನು ಪ್ರದರ್ಶನಕ್ಕೆ ಹೋಗಲಿಲ್ಲ. ಮೆಟ್ರಿಕ್ ಆದ ಮೇಲೆ ವಿಜ್ಞಾನ ಬಿಟ್ಟು ಕಾಮರ್ಸ್ ಸೇರಿದ. ಇಂಡಿ ಪಟ್ಟಣದಲ್ಲಿ ಬಸ್ ಡಿಪೋದ ಕಾರಕೂನನಾದ. ಕೆಟ್ಟ ಬಾಳೇನಲ್ಲ. ಅವನ ಹೆಂಡತಿ, ನನ್ನ ನಾದಿನಿ, ಬಂಗಾರದಂಥವಳು, ಮನೆ ಹಿತ್ತಿಲಲ್ಲಿ ನಿಂಬೆಗಿಡ, ಉಣ್ಣಲು ಉಡಲು ಕಡಿಮೆಯಿಲ್ಲ. ತಂತಿಯ ಹುಚ್ಚೂ ಬಿಡಲಿಲ್ಲ. ನೀರಿನ ಟಾಕಿ ತುಂಬಿದರೆ ಅವನ ಮನೆಯಲ್ಲಿ ಗಂಟೆ ಬಾರಿಸುತ್ತದೆ. ನಿಂಬೆಗಿಡಕ್ಕೆ ಬಾಯಿ ಹಾಕಲು ಆಡು ಬಂದರೆ, ಹಿತ್ತಿಲ ಗೋಡೆಯಿಂದ ಗೋಡೆಗೆ ಬಿಟ್ಟ ಕಾಣದ ಬೆಳಕನ್ನು ಅದು ದಾಟಿದ ಕೂಡಲೇ ಒಳಗೆ ಪೀಪಿ ಕೂಗುತ್ತದೆ. ಆಡುಗಳಿಗೆ ಅದು ಗೊತ್ತಾಗಿ, ಪೀಪಿ ಕೂಗಿದ ಮೇಲೆ ಯಾರಾದರೂ ಹೊರಗೆ ಬರುವಷ್ಟರಲ್ಲಿ ಬೇಗ ಬೇಗ ತಿನ್ನಲು ಕಲಿತಿವೆ ಎಂದು ನಾದಿನಿ ಹೇಳುತ್ತಾಳೆ. ಆದರೆ ಹೊರಗಿನವರು ಬಂದರೆ ಸಂಗಪ್ಪ ಮೊದಲು ಮಾಡುವ ಕೆಲಸವೆಂದರೆ ಎಲ್ಲದರ ಸ್ವಿಚ್ಚು ಆರಿಸುವುದು. ಡಿಪೋದ ಬೀಳ್ಕೊಡುಗೆಯಲ್ಲಿ ಎರಡು ಮಾತಾಡಿರಿ ಎಂದಾಗ, ಕೈಮುಗಿದು ಕೂತುಬಿಟ್ಟನಂತೆ.

ಪ್ರತಿ ನಾಗರ ಪಂಚಮಿಗೆ ನನ್ನನ್ನು ತವರಿಗೆ ಕರೆದೊಯ್ಯಲು ಮುದ್ದೇಬಿಹಾಳಕ್ಕೆ ಬರುತ್ತಿದ್ದವನು ಅವನೇ. ಬಸ್ಸಿನಲ್ಲಿ ಪಕ್ಕದಲ್ಲಿ ಕೂತಾಗಲೆಲ್ಲ ಈ ಸಲ ಹೇಳಿಬಿಡಬೇಕು ಎಂದುಕೊಳ್ಳುತ್ತಿದ್ದೆ. ಅವನು ಮಕ್ಕಳ ಸುದ್ದಿ ತೆಗೆಯುತ್ತಿದ್ದ. ನಾನು ಉಂಡಿಯ ಡಬ್ಬಿ ತೆಗೆಯುತ್ತಿದ್ದೆ.

ರಿಮೋಟಿನ ಪ್ರಸಂಗವಾದ ವಾರದಲ್ಲೇ ಇಂಡಿಗೆ ಹೋದೆ. ಸಂಗಪ್ಪ ಹಿತ್ತಿಲ ಕಟ್ಟೆಯ ಮೇಲೆ ಕೂತು ನಿಂಬೆಹಣ್ಣು ಆರಿಸುತ್ತಿದ್ದ. ಡಿಪೋದ ಗದ್ದಲದಲ್ಲೋ ವಯಸ್ಸಿನಿಂದಲೋ ಅವನ ಕಿವಿ ಈಗ ಮಂದವಾಗಿದೆ. ಮೊಮ್ಮಗಳು ಅವನ ಅಂಗಿ ಹಿಡಿದು ಜಗ್ಗುತ್ತಿದ್ದಳು. ಅವಳ ಸಾಲಿಯಲ್ಲಿ ವಿಜ್ಞಾನದ ದಿನವಂತೆ. ಆಡಿನ ಪೀಪಿಯ ಸುದ್ದಿ ಕೇಳಿದ, ಅವಳಿಗೆ ಕಲಿಸುವ ಬಾಯಾರು, ನಿಮ್ಮ ಮುತ್ಯಾನನ್ನು ಕರೆದುಕೊಂಡು ಬಾ, ಮಕ್ಕಳಿಗೆ ತೋರಿಸಲಿ ಎಂದಿದ್ದರಂತೆ.

"ಬಾ ಮುತ್ಯಾ. ನಾ ಎಲ್ಲಾರಿಗೂ ಹೇಳೀನಿ" ಎಂದು ಅವಳು ಜೋರಾಗಿ ಕೂಗಿದಳು.

"ನಾ ಒಲ್ಲೆವ್ವ. ಮುತ್ಯಾಗ ಮಂದಿ ಆಗಿಬರಂಗಿಲ್ಲ. ಮನ್ಯಾಗ ಓಡಿದ್ದು ಮಂದ್ಯಾಗ ಓಡಂಗಿಲ್ಲ" ಎಂದ ಸಂಗಪ್ಪ. ನಗುತ್ತಲೇ ಅಂದ. ಆಮೇಲೆ ನನ್ನ ಕಡೆ ಬೆರಳು ಮಾಡಿ, "ಸುಳ್ಳಂದ್ರ ಈ ಆಯಿನ್ನ ಕೇಳು. ಆಕಿ ಅಲ್ಲೇ ಇದ್ಲು" ಎಂದ.

ಮಗು ನನ್ನ ಮುಖ ನೋಡಿತು. ಇಷ್ಟು ವರ್ಷ ಅವನು ನನ್ನನ್ನು ಸಾಕ್ಷಿಯೆಂದು ನಂಬಿಕೊಂಡಿದ್ದ. ನಾನು ಸೆರಗನ್ನು ಬಾಯಿಗೆ ಹಿಡಿದು, ನೆಲ ನೋಡುತ್ತ, ಹೇಳಿದೆ.

"ಏನಂದಿ?" ಎಂದು ಅವನು ಬಲಗಿವಿಗೆ ಕೈ ಒಡ್ಡಿ ನನ್ನ ಕಡೆ ಬಗ್ಗಿದ.

ಮತ್ತೆ ಹೇಳಿದೆ. ಅವನಿಗೆ ಕೇಳಲಿಲ್ಲ. ನಾದಿನಿ ಅಡಿಗೆಮನೆಯ ಬಾಗಿಲಿಗೆ ಬಂದಳು, ಪಕ್ಕದ ಮನೆಯವಳು ಗೋಡೆಯ ಆಚೆ ಅರಿವೆ ಹಿಂಡುವುದನ್ನು ನಿಲ್ಲಿಸಿದಳು. ನಾನು ಸೆರಗು ಬಿಟ್ಟು, ಅವನ ಮುಖ ನೋಡಿ, ಆ ಓಣಿಗೆಲ್ಲ ಕೇಳುವಂತೆ ಹೇಳಿದೆ:

"ಕರದ ಕಣ್ಣಿಗೆ ಕಾಡಗಿ ಹಚ್ಚಿದಾಕಿ ನಾನೋ ತಮ್ಮಾ. ಬಸ್ಸಿನ್ಯಾಗ ನೀ ಮಲಗಿದ್ದಾಗ ಒರಸಿದಾಕೀನೂ ನಾನ. ನಿನ್ನ ಕೈ ಅವತ್ತೂ ತಪ್ಪಿರಲಿಲ್ಲ. ಗೊತ್ತಿದ್ದೂ ನಾ ಬಾಯಿ ಬಿಡಲಿಲ್ಲ. ನಂದು ತಪ್ಪಾತು, ಹೊಟ್ಟ್ಯಾಗ ಹಾಕ್ಕೋ."